ಮುಗಿಯದ ಸೆಪ್ಟೆಂಬರ್

ಮೇಷ್ಟರು ಬರುವುದು ಹತ್ತು ನಿಮಿಷ ತಡವಾದರೆ ತರಗತಿಯಲ್ಲಿ ಏನಾಗುತ್ತದೆಂಬುದು ಶಾಲೆಯ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. ಕ್ಲಾಸ್ ಲೀಡರ್ ಸೀಮೆಸುಣ್ಣ ಹಿಡಿದು ಕರಿಹಲಗೆಯ ಮುಂದೆ ನಿಲ್ಲುತ್ತಾನೆ. ಮಾತಾಡಿದವರ ಹೆಸರು ಹಲಗೆ ಏರುತ್ತದೆ. ಮತ್ತೆ ಬಾಯಿ ತೆರೆದರೆ ಹೆಸರಿನ ಮುಂದೆ ಒಂದು ಇಂಟು ಗುರುತು, ಆಮೇಲೆ ಎರಡು, ಮೂರು. ಲೀಡರನ ಆಪ್ತಮಿತ್ರ ಎಷ್ಟು ಹರಟಿದರೂ ಅವನ ಹೆಸರು ಬರುವುದಿಲ್ಲ. ನಿನ್ನೆ ಆಟಕ್ಕೆ ಸೇರಿಸಿಕೊಳ್ಳದವನು ಕೆಮ್ಮಿದರೂ ಬರುತ್ತದೆ. ಮೇಷ್ಟರಿಂದ ಏಟು ತಿಂದವರು ಸಂಜೆ ಗೇಟಿನ ಹೊರಗೆ ಲೀಡರನಿಗಾಗಿ ಕಾಯುತ್ತಾರೆ. ಸಂಬಳವಿಲ್ಲದ, ಬೈಗುಳ ಮಾತ್ರ ಸಿಗುವ ಈ ಹುದ್ದೆಗೆ ಪ್ರತಿ ವರ್ಷವೂ ಯಾರಾದರೊಬ್ಬರು ಸಿಕ್ಕೇ ಸಿಗುತ್ತಾರೆ ಎಂಬುದು ಮನುಷ್ಯ ಸ್ವಭಾವದ ವಿಚಿತ್ರಗಳಲ್ಲೊಂದು.

ಈಗ ಮೇಷ್ಟರೇ ಬಾರದ ಶಾಲೆಯೊಂದನ್ನು ಊಹಿಸಿಕೊಳ್ಳಿ. ಹೆಡ್‌ಮಾಸ್ಟರರಿಲ್ಲ, ಆಡಳಿತ ಮಂಡಳಿಯಿಲ್ಲ, ಕೇಂದ್ರ ಕಚೇರಿಯಂತೂ ಮೊದಲೇ ಇಲ್ಲ. ಊರೂರಿಗೆ ಒಂದೊಂದು ಕೊಠಡಿ, ಪ್ರತಿ ಕೊಠಡಿಗೂ ಒಬ್ಬ ಲೀಡರ್. ಒಂದು ಕೊಠಡಿಯಲ್ಲಿ ಆಡಿದ ಮಾತು ಎಲ್ಲ ಕೊಠಡಿಗಳಿಗೂ ಕೇಳಿಸುತ್ತದೆ. ಇಂಥ ಶಾಲೆ ಒಂದು ದಿನವಾದರೂ ನಡೆದೀತೆ ಎಂದು ಪೋಷಕರು ಕೇಳಬಹುದು. ಕಂಪ್ಯೂಟರ್ ಲೋಕದಲ್ಲಿ ಅದು ಹತ್ತು ಹದಿನೈದು ವರ್ಷ ಚೆನ್ನಾಗಿಯೇ ನಡೆಯಿತು. ಅದರ ಹೆಸರು ಯೂಸ್‌ನೆಟ್. ಇಂದಿನ ಮಕ್ಕಳು ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಹೆಸರು ಬಲ್ಲರು. ಅವುಗಳ ಅಜ್ಜನ ಹೆಸರು ಬಲ್ಲವರು ಕಡಿಮೆ.

1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬಿಬ್ಬರು ತರುಣರು ಇದಕ್ಕೆ ಅಡಿಪಾಯ ಹಾಕಿದರು. ಆಗ ಅರ್ಪಾನೆಟ್ ಎಂಬ ಕಂಪ್ಯೂಟರ್ ಜಾಲವೊಂದಿತ್ತು, ನಿಜ. ಆದರೆ ಅದರೊಳಗೆ ಪ್ರವೇಶ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನೆ ನಡೆಸುವ ಸಂಸ್ಥೆಗಳಿಗೆ ಮಾತ್ರ. ಉಳಿದವರು ಬೇಲಿಯಾಚೆ ನಿಂತು ನೋಡಬೇಕು. ಹಾಗಾದರೆ ಕೈಲಾದುದನ್ನು ತಾವೇ ಮಾಡಿಕೊಳ್ಳೋಣವೆಂದು ಈ ಹುಡುಗರು ದೂರವಾಣಿ ತಂತಿಯ ಮೂಲಕ ಒಂದು ಕಂಪ್ಯೂಟರ್ ಇನ್ನೊಂದನ್ನು ಕರೆದು ಸುದ್ದಿ ಹಂಚಿಕೊಳ್ಳುವ ಏರ್ಪಾಟು ಮಾಡಿದರು. ನೆರೆಯ ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವ್ ಬೆಲೋವಿನ್ ಮೊದಲ ಪ್ರೋಗ್ರಾಂ ಬರೆದರು. ‘ಬಡವರ ಅರ್ಪಾನೆಟ್’ ಎಂಬ ಅಡ್ಡಹೆಸರೂ ಅದಕ್ಕೆ ಬಿತ್ತು. ದಿನಕ್ಕೆ ಒಂದೋ ಎರಡೋ ಸಂದೇಶ ಬಂದೀತು ಎಂದು ಅವರ ಅಂದಾಜು. ವಿಜ್ಞಾನದ ಇತಿಹಾಸದಲ್ಲಿ ಇಷ್ಟು ತಪ್ಪಿದ ಅಂದಾಜುಗಳು ಹೆಚ್ಚಿಲ್ಲ!

ಕೆಲಸ ನಡೆಯುತ್ತಿದ್ದ ರೀತಿ ಬಹಳ ಸರಳ. ರಾತ್ರಿ ಟ್ರಂಕ್ ಕರೆಯ ದರ ಇಳಿದ ಮೇಲೆ ಒಂದು ಕಂಪ್ಯೂಟರ್ ಪಕ್ಕದ ಊರಿನ ಕಂಪ್ಯೂಟರಿಗೆ ಫೋನು ಮಾಡುತ್ತದೆ. ತನ್ನಲ್ಲಿರುವ ಹೊಸ ಸಂದೇಶಗಳನ್ನು ಅದಕ್ಕೆ ದಾಟಿಸುತ್ತದೆ. ಅದು ಮುಂದಿನ ಊರಿಗೆ ದಾಟಿಸುತ್ತದೆ. ಪ್ರತಿ ಸಂದೇಶಕ್ಕೂ ಅದರದೇ ಗುರುತಿನ ಸಂಖ್ಯೆಯಿರುವುದರಿಂದ ಒಮ್ಮೆ ಬಂದದ್ದು ಎರಡನೆಯ ಬಾರಿ ಬಂದರೆ ‘ಇದು ಆಗಲೇ ಮುಟ್ಟಿದೆ’ ಎಂದು ಯಂತ್ರ ಕೈಬಿಡುತ್ತದೆ. ಆ ಕಾಲದ ಸಾಮಾನ್ಯ ಮೋಡೆಮ್ ಸೆಕೆಂಡಿಗೆ 300 ಬಿಟ್, ಅಂದರೆ ಸುಮಾರು 30 ಅಕ್ಷರ ಕಳಿಸುತ್ತಿತ್ತು. ಮೂರು ಸಾವಿರ ಅಕ್ಷರಗಳ ಒಂದು ಪುಟಕ್ಕೆ ನೂರು ಸೆಕೆಂಡು. ಅಷ್ಟರಲ್ಲಿ ಒಂದು ಲೋಟ ಕಾಫಿ ಕುಡಿಯಬಹುದು. ಮಾತು ಹೀಗೆ ಕಾಸಿನ ಲೆಕ್ಕದಲ್ಲಿ ಸಾಗುವಾಗ ಜನ ಅಳೆದು ಸುರಿದು ಮಾತಾಡುತ್ತಾರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

‘ವಿಕೇಂದ್ರೀಕರಣ’ ಎಂಬ ಶಬ್ದ ನಮ್ಮಲ್ಲಿ ಪಂಚಾಯತ್ ವ್ಯವಸ್ಥೆಯಿಂದಾಗಿ ಹಳ್ಳಿಯವರಿಗೂ ಪರಿಚಿತ. ಪಂಚಾಯಿತಿಗೆ ಅಧಿಕಾರ ಕೊಟ್ಟೆವೆಂದ ಮಾತ್ರಕ್ಕೆ ಊರಿನ ದೊಡ್ಡ ಮನೆಯವರ ಮಾತು ನಡೆಯುವುದು ನಿಲ್ಲುತ್ತದೆಯೆ? ಯೂಸ್‌ನೆಟ್‌ನಲ್ಲೂ ಹಾಗೆಯೇ ಆಯಿತು. ಒಡೆಯರಿಲ್ಲ ಎಂಬುದು ಹೆಸರಿಗೆ. ದೂರದ ಕರೆಗಳ ಬಿಲ್ಲು ಕಟ್ಟುತ್ತಿದ್ದ ಕೆಲವೇ ದೊಡ್ಡ ಕಂಪ್ಯೂಟರುಗಳು ಇಡೀ ಜಾಲದ ಬೆನ್ನೆಲುಬಾಗಿದ್ದವು. ಅವುಗಳನ್ನು ನೋಡಿಕೊಳ್ಳುವವರು ಒಂದು ಗುಂಪನ್ನು ಸಾಗಿಸುವುದಿಲ್ಲವೆಂದರೆ ಆ ಗುಂಪು ಸತ್ತಂತೆಯೇ. ಅಟ್ಲಾಂಟಿಕ್ ದಾಟಿಸುವ ಖರ್ಚು ಹೊತ್ತಿದ್ದ ಯೂರೋಪಿನವರು, ಕೆಲಸಕ್ಕೆ ಬಾರದ ಜಗಳಗಳಿಗೆ ತಾವೇಕೆ ದುಡ್ಡು ಕೊಡಬೇಕೆಂದು ಗೊಣಗತೊಡಗಿದರು. 1986-87ರಲ್ಲಿ ಎಲ್ಲ ಗುಂಪುಗಳಿಗೂ ಹೊಸ ಹೆಸರು ಕೊಟ್ಟು ಏಳು ಕವಲುಗಳಾಗಿ ವಿಂಗಡಿಸಲಾಯಿತು: ಕಂಪ್ಯೂಟರ್, ವಿಜ್ಞಾನ, ಸಮಾಜ, ಮನರಂಜನೆ ಹೀಗೆ. ಬಿಸಿಬಿಸಿ ವಾದಗಳಿಗೆಲ್ಲ ‘ಟಾಕ್’ ಎಂಬ ಪ್ರತ್ಯೇಕ ಕವಲು. ಬೇಡವಾದವರು ಅದೊಂದನ್ನು ಕತ್ತರಿಸಿ ಬಿಟ್ಟರಾಯಿತು! ಇದು ಸಹಿಸದ ಬ್ರಯನ್ ರೀಡ್, ಜಾನ್ ಗಿಲ್ಮೋರ್ ಮೊದಲಾದವರು 1987ರಲ್ಲಿ ‘ಆಲ್ಟ್’ ಎಂಬ, ಯಾರ ಅಪ್ಪಣೆಯೂ ಬೇಕಿಲ್ಲದ ಕವಲನ್ನು ತೆರೆದರು. ರೀಡ್ ಅವರ ಸಿಟ್ಟಿಗೆ ಒಂದು ಕಾರಣ ಅವರು ನಡೆಸುತ್ತಿದ್ದ ಅಡುಗೆ ಗುಂಪಿನ ಹೆಸರನ್ನು ಬದಲಾಯಿಸಿದ್ದು. ದೊಡ್ಡ ಸ್ವಾತಂತ್ರ್ಯ ಹೋರಾಟಗಳ ಹಿಂದೆ ಹೀಗೆ ಅಡುಗೆಮನೆಯ ಜಗಳ ಇರುವುದುಂಟು.

ಹೊಸ ಗುಂಪು ಹುಟ್ಟಬೇಕಾದರೆ ಮತದಾನ. ಬೇಕೆನ್ನುವವರು ಬೇಡವೆನ್ನುವವರಿಗಿಂತ ಕನಿಷ್ಠ ನೂರು ಜನ ಹೆಚ್ಚಿರಬೇಕು; ಒಟ್ಟು ಮತಗಳಲ್ಲಿ ಮೂರನೆಯ ಎರಡು ಭಾಗ ಬೇಕು. ಯಾರು ಯಾವ ಕಡೆ ಮತ ಹಾಕಿದರೆಂಬ ಪಟ್ಟಿಯನ್ನೂ ಬಹಿರಂಗವಾಗಿ ಹಚ್ಚುತ್ತಿದ್ದರು. ಭಾರತೀಯರಿಗೂ ಅಲ್ಲಿ ಗುಂಪುಗಳಿದ್ದವು. ‘ಸಾಕ್ ಡಾಟ್ ಕಲ್ಚರ್ ಡಾಟ್ ಇಂಡಿಯನ್ ಡಾಟ್ ಕರ್ನಾಟಕ’ ಎಂಬ ಉದ್ದ ಹೆಸರಿನ ಗುಂಪೂ ಇತ್ತು. ಕನ್ನಡ ಅಕ್ಷರ ಮೂಡಿಸುವ ಸೌಲಭ್ಯ ಇಲ್ಲದ್ದರಿಂದ ಅಲ್ಲಿ ಕನ್ನಡವೂ ರೋಮನ್ ಲಿಪಿಯ ವೇಷ ತೊಡಬೇಕಾಗಿತ್ತು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ವಿಎಸ್‌ಎನ್‌ಎಲ್ ಮೂಲಕ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಅದಕ್ಕೆ ಮೊದಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕೆಲವೆಡೆ ಎರ್ನೆಟ್ ಜಾಲವಿತ್ತು, ಅಷ್ಟೆ. ಹಾಗಾಗಿ ಈ ಕಥೆಯ ಒಳ್ಳೆಯ ದಿನಗಳನ್ನು ನೋಡಿದ ಕನ್ನಡಿಗರಲ್ಲಿ ಹೆಚ್ಚಿನವರು ಹೊರದೇಶದಲ್ಲಿದ್ದವರೇ.

ಇನ್ನು ಲೀಡರುಗಳ ವಿಚಾರ. ಕೆಲವು ಗುಂಪುಗಳಿಗೆ ‘ಮಾಡರೇಟರ್’ ಇರುತ್ತಿದ್ದರು. ವಿಜ್ಞಾನದ ವಿದ್ಯಾರ್ಥಿಗಳು ಈ ಶಬ್ದವನ್ನು ಪರಮಾಣು ಸ್ಥಾವರದ ಪಾಠದಲ್ಲಿ ಓದಿರುತ್ತಾರೆ. ಕನ್ನಡದಲ್ಲಿ ಮಂದಕ. ನಮ್ಮ ಕೈಗಾ ಸ್ಥಾವರದಲ್ಲಿ ಭಾರಜಲವೇ ಮಂದಕ. ಪರೀಕ್ಷೆಯಲ್ಲಿ ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಮಂದಕವು ನ್ಯೂಟ್ರಾನುಗಳನ್ನು ಹೀರಿಕೊಳ್ಳುತ್ತದೆ ಎಂದು ಬರೆಯುವುದು. ಹೀರಿಕೊಳ್ಳುವುದು ನಿಯಂತ್ರಕ ಸರಳುಗಳ ಕೆಲಸ. ಮಂದಕ ನ್ಯೂಟ್ರಾನುಗಳ ವೇಗವನ್ನು ತಗ್ಗಿಸುತ್ತದೆ, ಅದೂ ಏತಕ್ಕೆಂದರೆ ಸರಪಳಿ ಕ್ರಿಯೆ ನಿಲ್ಲದೆ ನಡೆಯಲೆಂದು! ವೇಗದ ನ್ಯೂಟ್ರಾನು ಯುರೇನಿಯಂ-235ರ ಬೀಜಕ್ಕೆ ಸುಲಭವಾಗಿ ದಕ್ಕದು, ನಿಧಾನವಾದರೆ ದಕ್ಕುತ್ತದೆ. ಯೂಸ್‌ನೆಟ್ ಮಾಡರೇಟರ್ ಮಾಡುತ್ತಿದ್ದುದೂ ಇದೇ. ಬರೆದವರ ಸಂದೇಶ ನೇರವಾಗಿ ಗುಂಪಿಗೆ ಹೋಗದೆ ಅವರ ಅಂಚೆಪೆಟ್ಟಿಗೆಗೆ ಹೋಗುತ್ತಿತ್ತು. ಅವರು ತಮ್ಮ ಕೆಲಸ ಮುಗಿಸಿ ಸಂಜೆಯೋ ಮರುದಿನವೋ ಓದಿ ಒಪ್ಪಿಗೆಯ ಮುದ್ರೆ ಒತ್ತಿ ಮುಂದಕ್ಕೆ ಬಿಡುತ್ತಿದ್ದರು. ಸಿಟ್ಟಿನಲ್ಲಿ ಬರೆದದ್ದು ಅಷ್ಟರಲ್ಲಿ ತಣ್ಣಗಾಗುತ್ತಿತ್ತು. ಆ ಮುದ್ರೆಯನ್ನು ಯಾರು ಬೇಕಾದರೂ ನಕಲು ಮಾಡಬಹುದಿತ್ತು ಎಂಬುದು ಗುಟ್ಟೇನೂ ಅಲ್ಲ. ಬಹುಕಾಲ ಹೆಚ್ಚಿನವರು ಮಾಡಲಿಲ್ಲ.

ಮಾಡರೇಟರ್ ಇಲ್ಲದ ಗುಂಪುಗಳೇ ಹೆಚ್ಚು. ಅಲ್ಲಿ ಏನು ಕಾಯುತ್ತಿತ್ತು? ರೂಢಿ. ಹೊಸಬರು ಮೊದಲು ಸುಮ್ಮನೆ ಓದಬೇಕು, ಆಮೇಲೆ ಬರೆಯಬೇಕು. 1995ರಲ್ಲಿ ಈ ಶಿಷ್ಟಾಚಾರವನ್ನು ದಾಖಲೆಯಾಗಿ ಬರೆದಿಟ್ಟಾಗ ಒಂದೆರಡು ತಿಂಗಳು ಓದಿಯೇ ಬಾಯಿ ತೆರೆಯಿರೆಂದು ಅದರಲ್ಲಿ ಸಲಹೆ ಕೊಟ್ಟಿದ್ದರು. ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಉತ್ತರಗಳ ಪಟ್ಟಿ ಸಿದ್ಧವಿರುತ್ತಿತ್ತು. ಎಫ್‌ಎಕ್ಯೂ ಎಂದು ಇಂದು ಬ್ಯಾಂಕಿನಿಂದ ಹಿಡಿದು ಪರೀಕ್ಷಾ ಮಂಡಳಿಯವರೆಗೆ ಎಲ್ಲರೂ ಬಳಸುವ ಪದ್ಧತಿ ಬೆಳೆದದ್ದು ಬಹುಮಟ್ಟಿಗೆ ಅಲ್ಲೇ. ಪ್ರತಿ ವರ್ಷ ಸೆಪ್ಟೆಂಬರ್ ಬಂತೆಂದರೆ ಹಳಬರಿಗೆ ತಲೆನೋವು. ನಮ್ಮಲ್ಲಿ ಶಾಲೆಗಳು ಜೂನ್‌ನಲ್ಲಿ ತೆರೆದಂತೆ ಅಮೆರಿಕದ ಕಾಲೇಜುಗಳಿಗೆ ಆಗ ಹೊಸ ವಿದ್ಯಾರ್ಥಿಗಳು ಬರುತ್ತಾರೆ. ಅವರಿಗೆ ಕಂಪ್ಯೂಟರ್ ಖಾತೆ ಸಿಗುತ್ತದೆ. ಬಂದವರೇ ಬಾಯಿಗೆ ಬಂದದ್ದು ಬರೆಯುತ್ತಾರೆ. ಒಂದು ತಿಂಗಳು ಗಲಾಟೆ. ಹಳಬರು ತಿದ್ದುತ್ತಾರೆ, ಗದರುತ್ತಾರೆ. ಅಕ್ಟೋಬರ್ ಕೊನೆಗೆ ಕೆಲವರು ಬಿಟ್ಟುಹೋಗಿ, ಉಳಿದವರು ಪಳಗಿ, ಮುಂದಿನ ಸೆಪ್ಟೆಂಬರಿಗೆ ತಾವೇ ಹಿರಿಯರಾಗಿ ಕೂರುತ್ತಾರೆ.

ಇದನ್ನು ಅರ್ಥ ಮಾಡಿಕೊಳ್ಳಲು ಅಡುಗೆಮನೆಗೆ ಹೋದರೆ ಸಾಕು. ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ಗಟ್ಟಿ ಮೊಸರು. ಹೆಪ್ಪಿನೊಳಗಿನ ಬ್ಯಾಕ್ಟೀರಿಯಗಳು ಹಾಲಿನ ಸಕ್ಕರೆಯನ್ನು ಆಮ್ಲವಾಗಿಸುತ್ತ, ಒಂದು ಎರಡಾಗಿ ಎರಡು ನಾಲ್ಕಾಗಿ ಇಡೀ ಪಾತ್ರೆಯನ್ನು ತಮ್ಮದಾಗಿಸಿಕೊಳ್ಳುತ್ತವೆ. ನಾಳೆ ಅದರಿಂದಲೇ ಇನ್ನೊಂದು ಪಾತ್ರೆ ಹಾಲಿಗೆ ಹೆಪ್ಪು. ಆದರೆ ಅದೇ ಒಂದು ಚಮಚವನ್ನು ಮದುವೆಮನೆಯ ಕೊಳದಪ್ಪಲೆಯಷ್ಟು ಹಾಲಿಗೆ ಹಾಕಿ, ಅದು ಹಿಡಿಯುವ ಮೊದಲೇ ಇನ್ನೂ ನಾಲ್ಕು ಬಿಂದಿಗೆ ಸುರಿಯುತ್ತ ಹೋದರೆ? ಮೊಸರಾಗುವ ಮೊದಲೇ ಬೇರೆ ಯಾವುದೋ ಸೂಕ್ಷ್ಮಜೀವಿ ಬೇರೂರಿ ಹಾಲು ಕೆಟ್ಟೇ ಹೋಗುತ್ತದೆ. ಹಾಲಿನ ತಪ್ಪಲ್ಲ, ಹೆಪ್ಪಿನ ತಪ್ಪೂ ಅಲ್ಲ. ಪ್ರಮಾಣದ ತಪ್ಪು, ವೇಗದ ತಪ್ಪು.

1993-94ರಲ್ಲಿ ಆದದ್ದು ಅದೇ. ಅಮೆರಿಕ ಆನ್‌ಲೈನ್ ಮೊದಲಾದ ವ್ಯಾಪಾರಿ ಕಂಪನಿಗಳು ತಮ್ಮ ಗಿರಾಕಿಗಳಿಗೆಲ್ಲ ಯೂಸ್‌ನೆಟ್ ಬಾಗಿಲು ತೆರೆದವು. ಸೆಪ್ಟೆಂಬರಿನಲ್ಲಿ ಮಾತ್ರ ಬರುತ್ತಿದ್ದ ಹೊಸಬರು ಈಗ ಪ್ರತಿ ತಿಂಗಳು, ಪ್ರತಿ ದಿನ ಬರತೊಡಗಿದರು. ಪಳಗಿಸುವವರು ಸಾಲದಾದರು. 1993ರ ಸೆಪ್ಟೆಂಬರ್ ಮುಗಿಯಲೇ ಇಲ್ಲವೆಂದು ಹಳಬರೊಬ್ಬರು ಮರುವರ್ಷದ ಜನವರಿಯಲ್ಲಿ ಗೊಣಗಿದ್ದು ಗಾದೆಯಾಗಿಯೇ ನಿಂತಿತು. ಆ ಗೊಣಗಿನಲ್ಲಿ ಸ್ವಲ್ಪ ದೊಡ್ಡಸ್ತಿಕೆಯೂ ಇತ್ತೆಂಬುದನ್ನು ಮರೆಯಬಾರದು. ಸೆಪ್ಟೆಂಬರಿನಲ್ಲಿ ಬಂದವರೂ ಒಂದು ಕಾಲಕ್ಕೆ ಹೊಸಬರೇ. ಕಾಲೇಜಿನ ದಾರಿಯಲ್ಲಿ ಬಂದವರು ಮೇಲು, ದುಡ್ಡು ಕೊಟ್ಟು ಬಂದವರು ಕೀಳು ಎಂಬ ಭಾವನೆ ಸರಿಯಲ್ಲ.

ಹಳಬರು ಇನ್ನೊಂದು ಕೆಲಸ ಮಾಡಿದರು. ಲ್ಯಾರಿ ವಾಲ್ ಎಂಬವರು 1984ರಲ್ಲಿ ಬರೆದ ಓದುವ ಪ್ರೋಗ್ರಾಮಿನಲ್ಲಿ, ತನಗೆ ಬೇಡವಾದವರ ಬರಹ ತನ್ನ ಪರದೆಗೇ ಬಾರದಂತೆ ಸೋಸುವ ಜರಡಿಯಿತ್ತು. ಗಲಾಟೆ ಹೆಚ್ಚಿದಂತೆ ಅನುಭವಿಗಳು ತಮ್ಮ ಜರಡಿಯನ್ನು ಬಿಗಿ ಮಾಡಿಕೊಂಡು ನೆಮ್ಮದಿಯಾಗಿ ಕೂತರು. ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನಿಲ್ಲ. ಆದರೆ ಜರಡಿಯಿಲ್ಲದ ಹೊಸಬನಿಗೆ ಕಾಣುವುದು ಕಸ ಮಾತ್ರ. ಅವನನ್ನು ತಿದ್ದಬೇಕಾದವರು ಅವನ ಮಾತನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದಾರೆ. ಮನೆಯಲ್ಲಿ ಮಗ ರಂಪ ಮಾಡುವಾಗ ತಂದೆ ಕಿವಿಗೆ ಹತ್ತಿ ಇಟ್ಟುಕೊಂಡು ಪೇಪರು ಓದಿದಂತೆ. ಯೂಸ್‌ನೆಟ್ ಕೆಟ್ಟದ್ದಕ್ಕೆ ಹೊಸಬರ ಸಂಖ್ಯೆಯಷ್ಟೇ ಈ ಹತ್ತಿಯೂ ಕಾರಣ.

ಯಂತ್ರದ ಕೈಗೆ ಬೆತ್ತ ಕೊಟ್ಟ ಒಂದು ಪ್ರಸಂಗ ಸ್ವಾರಸ್ಯವಾಗಿದೆ. ರಿಚರ್ಡ್ ಡೆಪ್ಯೂ ಎಂಬವರು ಹೆಸರಿಲ್ಲದ ಸಂದೇಶಗಳನ್ನು ತಾನಾಗಿಯೇ ಅಳಿಸುವ ಪ್ರೋಗ್ರಾಂ ಬರೆದು 1993ರ ಮಾರ್ಚ್ 31ರ ರಾತ್ರಿ ಓಡಲು ಬಿಟ್ಟರು. ಅದರಲ್ಲೊಂದು ದೋಷವಿತ್ತು. ಅದು ತಾನೇ ಹಾಕಿದ ಸಂದೇಶಕ್ಕೆ ಉತ್ತರ ಹಾಕಿ, ಆ ಉತ್ತರಕ್ಕೆ ಮತ್ತೆ ಉತ್ತರ ಹಾಕುತ್ತ ಸುಮಾರು ಇನ್ನೂರು ಸಂದೇಶಗಳನ್ನು ಒಂದೇ ಗುಂಪಿಗೆ ಸುರಿಯಿತು, ಒಂದಕ್ಕಿಂತ ಒಂದರ ಬಾಲ ಉದ್ದ. ಬೀದಿ ಗುಡಿಸಲು ಬಂದ ಪೊರಕೆಯೇ ಬೀದಿ ತುಂಬಿತು. ಇಂಥ ಸುರಿಮಳೆಗೆ ಯೂಸ್‌ನೆಟ್‌ನಲ್ಲಿ ‘ಸ್ಪ್ಯಾಮ್’ ಎಂಬ ಹೆಸರು ಬಿದ್ದದ್ದು ಈ ಘಟನೆಯಲ್ಲೇ. ಡೆಪ್ಯೂ ಕ್ಷಮೆ ಕೇಳಿದರು.

ಮರುವರ್ಷ ಏಪ್ರಿಲ್ 12ರಂದು ಬಂದವರು ಕ್ಷಮೆ ಕೇಳುವ ಜಾತಿಯವರಲ್ಲ. ಕ್ಯಾಂಟರ್ ಮತ್ತು ಸೀಗಲ್ ಎಂಬ ಅರಿಜೋನಾದ ವಕೀಲ ದಂಪತಿ ಅಮೆರಿಕದ ಗ್ರೀನ್ ಕಾರ್ಡ್ ಲಾಟರಿಯ ಬಗ್ಗೆ ತಮ್ಮ ಜಾಹೀರಾತನ್ನು ಐದು ಸಾವಿರಕ್ಕೂ ಹೆಚ್ಚು ಗುಂಪುಗಳಿಗೆ ಒಂದೊಂದಾಗಿ ಹಾಕಿದರು. ಗಣಿತದ ಗುಂಪಿಗೂ ಅದೇ, ತೋಟಗಾರಿಕೆಯ ಗುಂಪಿಗೂ ಅದೇ. ಸಿಟ್ಟಿಗೆದ್ದ ಜನರ ದೂರಿನ ಪತ್ರಗಳ ಭಾರಕ್ಕೆ ಅವರಿಗೆ ಸಂಪರ್ಕ ಕೊಟ್ಟಿದ್ದ ಕಂಪನಿಯ ಕಂಪ್ಯೂಟರೇ ಕುಸಿಯಿತು. ನಾರ್ವೆಯ ತರುಣ ಆರ್ನ್ಟ್ ಗುಲ್‌ಬ್ರಾಂಡ್ಸೆನ್ ಇವರ ಜಾಹೀರಾತನ್ನು ಹುಡುಕಿ ಹುಡುಕಿ ರದ್ದು ಮಾಡುವ ಪ್ರೋಗ್ರಾಂ ಬರೆದರು. ಆಗ ಎದ್ದಿತು ನೋಡಿ ನಿಜವಾದ ಪ್ರಶ್ನೆ. ಬೇರೆಯವರ ಮಾತನ್ನು ಅಳಿಸಲು ಇವರು ಯಾರು? ಇಂದು ಜಾಹೀರಾತು, ನಾಳೆ ತನಗಾಗದ ಅಭಿಪ್ರಾಯ!

ಅವರು ಕಂಡುಕೊಂಡ ಉತ್ತರ ಅಂಕಗಣಿತದ್ದು. ಸಂದೇಶದಲ್ಲಿ ಏನಿದೆ ಎಂದು ನೋಡುವುದೇ ಬೇಡ, ಎಷ್ಟು ಸಲ ಹಾಕಿದ್ದಾರೆ ಎಂದು ಎಣಿಸಿದರೆ ಸಾಕು. ಸೆತ್ ಬ್ರೈಡ್‌ಬಾರ್ಟ್ ಎಂಬವರ ಹೆಸರಿನಲ್ಲಿ ಒಂದು ಸೂಚ್ಯಂಕ ರೂಢಿಗೆ ಬಂತು. ಒಂದು ಸಲ ಹಾಕಿದ ಸಂದೇಶ ಎಷ್ಟು ಗುಂಪುಗಳಿಗೆ ಹೋಗಿದೆಯೋ ಆ ಸಂಖ್ಯೆಯ ವರ್ಗಮೂಲ ತೆಗೆಯಬೇಕು. ಹಾಗೆ ಪ್ರತಿ ಸಲದ ವರ್ಗಮೂಲವನ್ನೂ ಕೂಡಬೇಕು. 45 ದಿನಗಳಲ್ಲಿ ಮೊತ್ತ 20 ಮುಟ್ಟಿದರೆ ಆ ಸಂದೇಶಗಳನ್ನು ರದ್ದು ಮಾಡಬಹುದು. ಒಬ್ಬಳು ಹುಡುಗಿ ಒಂದು ಪ್ರಶ್ನೆಯನ್ನು 9 ಗುಂಪುಗಳಿಗೆ ಒಟ್ಟಾಗಿ ಹಾಕಿದರೆ ಅಂಕ 3. ಆಮೇಲೆ 16 ಗುಂಪುಗಳಿಗೆ ಒಟ್ಟಾಗಿ ಹಾಕಿದರೆ ಇನ್ನೂ 4, ಒಟ್ಟು 7. ಅವಳಿಗೇನೂ ಆಗದು. ಅದನ್ನೇ 25 ಗುಂಪುಗಳಿಗೆ ಬಿಡಿಬಿಡಿಯಾಗಿ ಹಾಕಿದ್ದರೆ 1ರ ವರ್ಗಮೂಲ 25 ಸಲ, ಅಂದರೆ 25, ಗಡಿ ದಾಟಿತು. ಒಟ್ಟಾಗಿ ಹಾಕಿದವರಿಗೆ ಏಕೆ ಈ ರಿಯಾಯಿತಿ? ಒಟ್ಟಾಗಿ ಹಾಕಿದ್ದನ್ನು ಯಂತ್ರ ಒಂದೇ ಪ್ರತಿಯಾಗಿ ಇಟ್ಟುಕೊಳ್ಳುತ್ತದೆ, ಓದುವವನ ಕಣ್ಣಿಗೂ ಒಮ್ಮೆ ಮಾತ್ರ ಬೀಳುತ್ತದೆ. ಕ್ಯಾಂಟರ್ ದಂಪತಿಯ ಅಂಕ ಎಷ್ಟಾಗುತ್ತಿತ್ತೆಂದು ಮಕ್ಕಳೇ ಹೇಳಲಿ. ಯಾರ ಮುಖವನ್ನೂ ನೋಡದೆ ಹೆಸರು ಬರೆಯುವ ಲೀಡರ್ ಸಿಕ್ಕಿದ್ದ! ಮೇಷ್ಟರಿಲ್ಲದ ಶಾಲೆ ತಾನೇ ಕಟ್ಟಿಕೊಂಡ ನಿಯಮಗಳಲ್ಲಿ ಇದರಷ್ಟು ಚೊಕ್ಕವಾದದ್ದು ಇನ್ನೊಂದಿಲ್ಲ. ಇದರ ಮಿತಿಯೂ ಅಷ್ಟೇ ಸ್ಪಷ್ಟ. ಒಬ್ಬಳನ್ನು ಗುರಿಯಿಟ್ಟು ಒಂದೇ ಸಲ ಹಾಕಿದ ವಿಷದ ಮಾತಿಗೆ ಇದರಲ್ಲಿ ಅಂಕ 1.

ತನ್ನ ಗಿರಾಕಿಗಳ ಕಸವನ್ನು ತಡೆಯದ ಕಂಪನಿಗೆ ಇನ್ನೂ ದೊಡ್ಡ ಶಿಕ್ಷೆಯಿತ್ತು. ಆ ಕಂಪನಿಯ ಕಡೆಯಿಂದ ಬರುವ ಎಲ್ಲರ ಎಲ್ಲ ಸಂದೇಶಗಳನ್ನೂ ರದ್ದು ಮಾಡುವುದು. ಇದಕ್ಕೆ ಅವರಿಟ್ಟ ಹೆಸರು ‘ಮರಣದಂಡನೆ’. 1997ರ ಆಗಸ್ಟ್‌ನಲ್ಲಿ ಯುಯುನೆಟ್ ಎಂಬ ದೈತ್ಯ ಕಂಪನಿಗೇ ಇದನ್ನು ವಿಧಿಸಿದರು. ವಾರದೊಳಗೆ ಅದು ದಾರಿಗೆ ಬಂತು. ಹಿಂದಿನ ಬೆಂಚಿನವರು ಶಿಳ್ಳೆ ಹೊಡೆದರೆಂದು ಇಡೀ ತರಗತಿಯನ್ನು ಬಿಸಿಲಲ್ಲಿ ನಿಲ್ಲಿಸುವ ಕ್ರಮ ಇದು. ಪರಿಣಾಮ ಉಂಟು, ನ್ಯಾಯ ಇಲ್ಲ. ಮುಂದಿನ ಬೆಂಚಿನಲ್ಲಿ ಕೂತು ಸುಮ್ಮನೆ ಬಿಸಿಲು ತಿಂದವರಿಗೆ ಇದರ ಉರಿ ಚೆನ್ನಾಗಿ ಗೊತ್ತಿರುತ್ತದೆ.

ಹೊಸ ಶತಮಾನ ಬರುವಷ್ಟರಲ್ಲಿ ಜನ ಬೇರೆ ಕಡೆ ವಲಸೆ ಹೋಗಿದ್ದರು. ಆಮೇಲೆ ಬಂದ ಫೇಸ್‌ಬುಕ್, ಟ್ವಿಟರ್‌ಗಳಲ್ಲಿ ಒಬ್ಬ ಒಡೆಯ, ಒಂದು ಕಚೇರಿ, ಎಲ್ಲರಿಗೂ ಒಂದೇ ನಿಯಮ. ಮೇಷ್ಟರು ಬಂದರು ಎನ್ನಿ. ಆದರೆ ಮೇಷ್ಟರು ಯಾರಿಗಾಗಿ ಕೆಲಸ ಮಾಡುತ್ತಾರೆ ಎಂಬ ಅನುಮಾನ ಶುರುವಾಗಿ, 2016ರಲ್ಲಿ ಜರ್ಮನಿಯ ಯೂಗೆನ್ ರೋಚ್ಕೊ ಎಂಬ ಇಪ್ಪತ್ಮೂರರ ತರುಣ ‘ಮಾಸ್ಟೊಡಾನ್’ ಎಂಬ ಜಾಲವನ್ನು ಹೊರತಂದರು. ಮಾಸ್ಟೊಡಾನ್ ಎಂದರೆ ಅಳಿದುಹೋದ, ಆನೆಯನ್ನು ಹೋಲುವ ಒಂದು ಪ್ರಾಣಿ. ಅಲ್ಲಿ ಮತ್ತೆ ಸಾವಿರಾರು ಕೊಠಡಿಗಳು, ಅಂದರೆ ಸರ್ವರ್‌ಗಳು. ಪ್ರತಿಯೊಂದಕ್ಕೂ ಬೇರೆ ಯಜಮಾನ, ಬೇರೆ ನಿಯಮ, ಆದರೂ ಇ-ಮೇಲ್‌ನಂತೆ ಎಲ್ಲರೂ ಎಲ್ಲರೊಡನೆ ಮಾತಾಡಬಹುದು. ಪಕ್ಕದ ಕೊಠಡಿಯ ಹಾವಳಿ ಹೆಚ್ಚಾದರೆ ಅದರ ದನಿ ತಗ್ಗಿಸಬಹುದು, ಪೂರ್ತಿ ಬಾಗಿಲು ಹಾಕಲೂಬಹುದು. ದ್ವೇಷದ ಮಾತಿಗೆ ಕುಖ್ಯಾತವಾದ ಗ್ಯಾಬ್ ಎಂಬ ಅಮೆರಿಕದ ತಾಣ 2019ರಲ್ಲಿ ಈ ಜಾಲದೊಳಗೆ ಕಾಲಿಟ್ಟಾಗ ಹೆಚ್ಚಿನ ಸರ್ವರ್‌ಗಳು ಬಾಗಿಲು ಹಾಕಿಕೊಂಡವು. ಯಾರೂ ಆದೇಶ ಹೊರಡಿಸಲಿಲ್ಲ. ಗ್ಯಾಬ್ ಮುಚ್ಚಲಿಲ್ಲ, ಒಬ್ಬಂಟಿಯಾಯಿತು.

ಎಲ್ಲ ಸಲವೂ ಇಷ್ಟು ನೇರ್ಪಾಗಿ ನಡೆಯುವುದಿಲ್ಲ. 2018ರಲ್ಲಿ ಅಮೆರಿಕದ ನಟ ವಿಲ್ ವೀಟನ್ ಮಾಸ್ಟೊಡಾನ್‌ಗೆ ಬಂದಾಗ, ಟ್ವಿಟರ್ ಕಾಲದ ಹಳೆಯ ಜಗಳ ಮನಸ್ಸಿನಲ್ಲಿಟ್ಟುಕೊಂಡಿದ್ದವರು ಅವರ ಮೇಲೆ ದೂರಿನ ಮೇಲೆ ದೂರು ಕೊಟ್ಟರು. ಆ ಸರ್ವರ್ ನೋಡಿಕೊಳ್ಳುತ್ತಿದ್ದವರಿಗೆ ದೂರುಗಳನ್ನು ಓದಿ ಮುಗಿಸಲೂ ಆಗಲಿಲ್ಲ. ಕೊನೆಗೆ ವೀಟನ್ನರನ್ನೇ ಹೊರಗೆ ಕಳಿಸಿದರು. ಗಲಾಟೆ ಮಾಡಿದವರ ಹೆಸರು ಬರೆಯಿರೆಂದಾಗ ಹತ್ತು ಮಂದಿ ಸೇರಿ ಒಬ್ಬನ ಹೆಸರನ್ನು ಕೂಗಿದರೆ ಲೀಡರ್ ಏನು ಮಾಡಿಯಾನು?

ಭಾರತದವರು ಈ ಕಡೆ ದೊಡ್ಡ ಸಂಖ್ಯೆಯಲ್ಲಿ ನುಗ್ಗಿದ್ದು 2019ರ ನವೆಂಬರ್‌ನಲ್ಲಿ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿದ್ದು ನೆಪ. ಅವರು ಹಾಕಿಕೊಂಡಿದ್ದ ಚಿತ್ರವೊಂದು ಆಕ್ಷೇಪಕ್ಕೆ ಗುರಿಯಾಗಿತ್ತು. 1936ರಲ್ಲಿ ಹ್ಯಾಂಬರ್ಗಿನ ಹಡಗುಕಟ್ಟೆಯಲ್ಲಿ ನೂರಾರು ಜನ ನಾಜಿ ಸಲಾಮು ಹೊಡೆಯುತ್ತಿರುವಾಗ ಒಬ್ಬನೇ ಕೈಕಟ್ಟಿ ನಿಂತಿರುವ ಪ್ರಸಿದ್ಧ ಚಿತ್ರ ಅದು. ನಾಜಿಗಳನ್ನು ಧಿಕ್ಕರಿಸಿದವನ ಚಿತ್ರ ದ್ವೇಷದ ಚಿತ್ರವೆಂದು ಲೆಕ್ಕಕ್ಕೆ ಬಂತು! ಸಿಟ್ಟಾದ ಬಹಳ ಮಂದಿ ಮಾಸ್ಟೊಡಾನ್‌ನಲ್ಲಿ ಖಾತೆ ತೆರೆದರು. ಕೆಲವೇ ವಾರಗಳಲ್ಲಿ ಅವರಲ್ಲಿ ಅನೇಕರು ಹಳೆಯ ಮನೆಗೇ ವಾಪಸಾದರು.

ಅಲ್ಲೇ ಉಳಿದಿದ್ದರೆ ಇನ್ನೊಂದು ತೊಡಕು ಎದುರಾಗುತ್ತಿತ್ತು. ಜರ್ಮನಿಯಲ್ಲೋ ಫ್ರಾನ್ಸಿನಲ್ಲೋ ಕುಳಿತ ಮಾಡರೇಟರ್ ಕನ್ನಡದ ಜಗಳವನ್ನು ಹೇಗೆ ತೀರ್ಮಾನಿಸಿಯಾರು? ಕನ್ನಡದಲ್ಲಿ ಒಬ್ಬರನ್ನು ಅವಮಾನಿಸಲು ಒಂದೇ ಒಂದು ಕೆಟ್ಟ ಶಬ್ದವೂ ಬೇಕಿಲ್ಲ. ಇಷ್ಟು ಹೊತ್ತು ‘ನೀವು’ ಎನ್ನುತ್ತಿದ್ದವರು ತಟ್ಟನೆ ‘ನೀನು’ ಎಂದರಾಯಿತು. ‘ಬನ್ನಿ’ ಹೋಗಿ ‘ಬಾರಯ್ಯ’ ಬಂದರಾಯಿತು. ಅಂಗಡಿ ಬೀದಿಯಲ್ಲಿ ಈ ಒಂದು ಏಕವಚನಕ್ಕೆ ಕೈಕೈ ಮಿಲಾಯಿಸಿದ್ದುಂಟು. ಇಂಗ್ಲಿಷಿಗೆ ತರ್ಜುಮೆ ಮಾಡಿದರೆ ಎರಡೂ ಒಂದೇ. ಇನ್ನು ಜಾತಿಯನ್ನು ಚುಚ್ಚುವ ಮಾತಂತೂ ಊಟದ, ಉಡುಪಿನ, ಊರಿನ ಹೆಸರಿನ ಮರೆಯಲ್ಲಿ ಬರುತ್ತದೆ. ಅದು ನಾಟುವುದು ಯಾರಿಗೆ ಹೇಳಿದರೋ ಅವರಿಗೆ ಮಾತ್ರ. ಕೊಠಡಿಯ ಲೀಡರ್ ಆ ಊರಿನವನೇ ಆಗಿರಬೇಕು ಎಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ. ಆ ಮಟ್ಟಿಗೆ ಬಿಡಿಬಿಡಿ ಕೊಠಡಿಗಳ ಪದ್ಧತಿಯೇ ಮೇಲು.

2022ರ ಅಕ್ಟೋಬರ್ ಕೊನೆಯಲ್ಲಿ ಎಲಾನ್ ಮಸ್ಕ್ ಟ್ವಿಟರ್ ಕೊಂಡಾಗ ಮತ್ತೆ ಸೆಪ್ಟೆಂಬರ್ ಬಂತು. ತಿಂಗಳಿಗೆ ಸುಮಾರು 3 ಲಕ್ಷವಿದ್ದ ಮಾಸ್ಟೊಡಾನ್ ಬಳಕೆದಾರರು ನವೆಂಬರ್ ಹೊತ್ತಿಗೆ 25 ಲಕ್ಷವಾದರು. ಒಂದು ಚಮಚ ಹೆಪ್ಪಿಗೆ ಎಂಟು ಪಾಲು ಹಾಲು! ಬಿಡುವಿನ ವೇಳೆಯಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದವರು ರಾತ್ರಿಯೆಲ್ಲ ಯಂತ್ರ ರಿಪೇರಿ ಮಾಡುತ್ತ ಬೆಳಿಗ್ಗೆ ದೂರು ಓದುತ್ತ ಕೂರಬೇಕಾಯಿತು. ಇಲ್ಲಿ ರಾಜಕೀಯದಂಥ ಮಾತುಗಳನ್ನು ಎಚ್ಚರಿಕೆಯ ಪರದೆಯ ಹಿಂದೆ ಇಡುವುದು ವಾಡಿಕೆ ಎಂದು ಹಳಬರು ಹೊಸಬರಿಗೆ ಹೇಳಿದರು. ತಾವು ದಿನವೂ ಅನುಭವಿಸುವ ವರ್ಣಭೇದವನ್ನೂ ಪರದೆ ಹಾಕಿ ಮುಚ್ಚಬೇಕೆ ಎಂದು ಹೊಸಬರಲ್ಲಿ ಕಪ್ಪುಜನರು ಕೇಳಿದರು. ಪ್ರಶ್ನೆ ಸರಿಯಾದದ್ದೇ. ರೂಢಿ ಎಂಬುದು ಅದನ್ನು ಮಾಡಿದವರಿಗೆ ಸದಾ ಹಿತವಾಗಿಯೇ ಇರುತ್ತದೆ.

2023ರ ಆರಂಭದಲ್ಲಿ ಸುಮಾರು 12,000 ಜನರಿದ್ದ ‘ಮಾಸ್ಟೊಡಾನ್ ಡಾಟ್ ಎಲ್‌ಒಎಲ್’ ಎಂಬ ಸರ್ವರಿನ ಯಜಮಾನ, ಒಂದು ವಿಡಿಯೊ ಆಟದ ಬಗ್ಗೆ ಎದ್ದ ಜಗಳದಲ್ಲಿ ತಮ್ಮ ಮೇಲೆ ಬಿದ್ದ ಬೈಗುಳ ತಾಳಲಾರದೆ ಅದನ್ನು ಮುಚ್ಚುವುದಾಗಿ ಸಾರಿದರು. ಒಬ್ಬ ಮನುಷ್ಯನ ಸಹನೆ ಮುಗಿದದ್ದಕ್ಕೆ ಅಷ್ಟು ಮಂದಿ ಗಂಟುಮೂಟೆ ಕಟ್ಟಬೇಕಾಯಿತು. ಇಂಥದ್ದು ಆಗಬಾರದೆಂದೇ ಮಾಸ್ಟೊಡಾನ್‌ನವರು 2019ರಲ್ಲಿ ಒಂದು ಒಡಂಬಡಿಕೆ ಮಾಡಿದ್ದರು. ತಮ್ಮ ಶಿಫಾರಸು ಪಟ್ಟಿಗೆ ಸೇರಬೇಕಾದ ಸರ್ವರ್ ದ್ವೇಷದ ಮಾತಿನ ವಿರುದ್ಧ ಕ್ರಮ ಕೈಗೊಳ್ಳಬೇಕು. ದಿನವೂ ಬರಹಗಳ ನಕಲು ಪ್ರತಿ ತೆಗೆದಿಡಬೇಕು. ಮುಚ್ಚುವುದಾದರೆ ಮೂರು ತಿಂಗಳು ಮೊದಲೇ ತಿಳಿಸಬೇಕು. ಬೀಗದ ಕೈ ಕನಿಷ್ಠ ಇನ್ನೊಬ್ಬರ ಬಳಿಯೂ ಇರಬೇಕು. ಮಕ್ಕಳು ಇಂಥ ಯಾವುದಾದರೂ ತಾಣ ಸೇರುವಾಗ ಅಲ್ಲಿ ಏನು ಸಿಗುತ್ತದೆಂದು ಪೋಷಕರು ಕೇಳುವುದು ಸಹಜ. ಅಲ್ಲಿ ಹಲಗೆಯ ಮುಂದೆ ನಿಂತವರು ಎಷ್ಟು ಜನ, ಅವರು ರಾತ್ರಿ ನಿದ್ದೆ ಮಾಡುತ್ತಾರೆಯೆ ಎಂದೂ ಕೇಳಬಹುದು. 2025ರ ನವೆಂಬರ್‌ನಲ್ಲಿ ರೋಚ್ಕೊ ಅವರೂ, ಹತ್ತು ವರ್ಷಗಳ ದಣಿವನ್ನು ಮುಚ್ಚಿಡದೆ, ಮುಖ್ಯಸ್ಥನ ಸ್ಥಾನ ಬಿಟ್ಟರು.

ಯೂಸ್‌ನೆಟ್ ಇನ್ನೂ ಪೂರ್ತಿ ಅಳಿದಿಲ್ಲ. ಅದು ಹುಟ್ಟಿದ ಡ್ಯೂಕ್ ವಿಶ್ವವಿದ್ಯಾಲಯ ತನ್ನ ಸರ್ವರನ್ನು 2010ರ ಮೇ 20ರಂದು ನಿಲ್ಲಿಸಿತು. ಗೂಗಲ್ 2024ರ ಫೆಬ್ರುವರಿ 22ರಿಂದ ಹೊಸ ಸಂದೇಶಗಳನ್ನು ತೆಗೆದುಕೊಳ್ಳುವುದನ್ನು ಬಿಟ್ಟಿತು. ಹಳಬರಲ್ಲಿ ಕೆಲವರು ತಮಾಷೆಗಾಗಿ ಒಂದು ಪುಟ್ಟ ಪ್ರೋಗ್ರಾಂ ಬರೆದಿಟ್ಟಿದ್ದಾರೆ. ತಾರೀಖು ಕೇಳಿದರೆ ಅದು 1993ರ ಸೆಪ್ಟೆಂಬರ್ ಒಂದರಿಂದ ಎಣಿಸಿ ಹೇಳುತ್ತದೆ. ಅದರ ಪಂಚಾಂಗದಲ್ಲಿ ಅಕ್ಟೋಬರ್ ಬಂದೇ ಇಲ್ಲ. ಅದರ ಪ್ರಕಾರ ಡ್ಯೂಕ್ ನಿಲ್ಲಿಸಿದ್ದು 1993ರ ಸೆಪ್ಟೆಂಬರ್ 6106ರಂದು, ಗೂಗಲ್ ಬಿಟ್ಟಿದ್ದು 11132ರಂದು. ವಿದ್ಯಾರ್ಥಿಗಳು ತಾವು ಹುಟ್ಟಿದ್ದು ಸೆಪ್ಟೆಂಬರ್ ಎಷ್ಟನೆಯ ತಾರೀಖು ಎಂದು ಲೆಕ್ಕ ಹಾಕಿ ನೋಡಲಿ. ಅಧಿಕ ವರ್ಷಗಳನ್ನು ಮರೆಯದಿದ್ದರೆ ಉತ್ತರ ಸರಿಬರುತ್ತದೆ.